ಹಿತ್ತಿಲಿನಲ್ಲಿ ಬಂಡೆಗಳನ್ನು ಸಹಜವಾಗಿ ಕಾಣುವಂತೆ ಕೂರಿಸುವುದು ಹೇಗೆ?

ಪ್ರಶ್ನೆ: ಹಿತ್ತಿಲಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದಲ್ಲಿ ನಾವು ಕಟ್ಟಿಸಿರುವ ಮನೆಯ ಹಿಂಭಾಗದಲ್ಲಿ ಸುಮಾರು 30 ಅಡಿ ಅಗಲ, 45 ಅಡಿ ಉದ್ದದ ಜಾಗ ಖಾಲಿ ಉಳಿದಿದೆ. ಮನೆಯ ಗೋಡೆಯಿಂದ ಹಿಂದಿನ ಕಾಂಪೌಂಡಿನವರೆಗೆ ನೆಲ ನಿಧಾನವಾಗಿ ಏರುತ್ತಾ ಹೋಗಿ, ಕೊನೆಗೆ ಮೂರು ಅಡಿಯಷ್ಟು ಎತ್ತರವಾಗುತ್ತದೆ. ಮೇಲೆ ಕೆಂಪು ಮಣ್ಣಿದೆ, ಎರಡು ಅಡಿ ಅಗೆದರೆ ಗರಸು ಸಿಗುತ್ತದೆ.

ಮನೆ ಕಟ್ಟಿದ ಕಂಟ್ರಾಕ್ಟರು ಆ ಜಾಗವನ್ನು ಮಟ್ಟಮಾಡಿ ಹುಲ್ಲುಹಾಸು ಹಾಕಿಸಿ, ಮೂಲೆಯಲ್ಲಿ ಕೋಳಿಬಲೆ ಮತ್ತು ಸಿಮೆಂಟಿನಿಂದ ಬಂಡೆಯ ಆಕಾರ ಮಾಡಿ, ಮೋಟಾರಿನಿಂದ ನೀರು ಬೀಳುವಂತೆ ಮಾಡೋಣ ಎನ್ನುತ್ತಿದ್ದಾರೆ. ನಮಗೆ ಅದು ಬೇಡವೆನಿಸಿದೆ. ಕೊರಟಗೆರೆ ಕಡೆ ನನ್ನ ಸೋದರಮಾವನವರ ಹೊಲವಿದೆ. ಅಲ್ಲಿ ಉಳುಮೆಗೆ ಅಡ್ಡವಾಗಿರುವ ಕಲ್ಲುಗುಂಡುಗಳನ್ನು ತೆಗೆಸುತ್ತಿದ್ದಾರೆ, ಬೇಕಾದಷ್ಟು ತೆಗೆದುಕೊಂಡು ಹೋಗಿ ಎಂದಿದ್ದಾರೆ. ಮೊಣಕಾಲೆತ್ತರದ ಕಲ್ಲಿನಿಂದ ಹಿಡಿದು ಆಳೆತ್ತರದ ಗುಂಡಿನವರೆಗೆ ಎಲ್ಲ ಗಾತ್ರದವೂ ಇವೆ.

ನಾನು ನೋಡಿರುವ ಮನೆತೋಟಗಳಲ್ಲಿ ಕಲ್ಲುಗಳು ಎಲ್ಲಿಂದಲೋ ತಂದು ಸುರಿದಂತೆಯೇ ಕಾಣುತ್ತವೆ. ದೇವರಾಯನದುರ್ಗದ ದಾರಿಯಲ್ಲಿ ಅದೇ ಕಲ್ಲುಗಳು ಎಷ್ಟು ಚೆನ್ನಾಗಿ ಹೊಂದಿಕೊಂಡಿರುತ್ತವೆ! ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಎಷ್ಟು ಕಲ್ಲು ತರಿಸಬೇಕು, ಹೇಗೆ ಕೂರಿಸಬೇಕು, ಸುತ್ತ ಯಾವ ಗಿಡ ಹಾಕಬೇಕು, ಸ್ವಲ್ಪ ನೀರಿನ ವ್ಯವಸ್ಥೆ ಮಾಡಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ: ಶಿಲಾಸಕ್ತ, ಬೆಂಗಳೂರು

ಮಾನ್ಯರೇ, ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ತೋಟ ಕಟ್ಟುವ ಕೆಲಸವನ್ನು ಬಲ್ಲವರು ಮುಂದೆ ಹೇಳುತ್ತಾರೆ. ಆ ಕಲ್ಲುಗಳು ನಿಮ್ಮ ಮಾವನವರ ಹೊಲಕ್ಕೆ ಹೇಗೆ ಬಂದವು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ರಾಮನಗರದಿಂದ ಮಾಗಡಿಯ ಸಾವನದುರ್ಗ, ನಿಮ್ಮ ಜಿಲ್ಲೆಯ ಮಧುಗಿರಿ, ಪಾವಗಡಗಳನ್ನು ಹಾದು ಉತ್ತರಕ್ಕೆ ಹಂಪಿಯ ಕಡೆಗೆ ಸಾಗುವ ಗ್ರಾನೈಟಿನ ಉದ್ದನೆಯ ಪಟ್ಟಿಯೊಂದಿದೆ. ರಾಮನಗರದ ಹಿಂದಿನ ಹೆಸರಿನ ಮೇಲೆ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಶಿಲಾರಸ ತಣ್ಣಗಾಗಿ ಗಟ್ಟಿಯಾದದ್ದು ಇದು. ಮೇಲಿನ ಪದರಗಳು ಸವೆದುಹೋಗಿ ಭಾರ ಇಳಿದಂತೆ ಬಂಡೆ ಹಿಗ್ಗಿ, ನೆಲಕ್ಕೆ ಸಮಾನಾಂತರವಾಗಿ ಹಾಳೆ ಹಾಳೆಯಾಗಿ ಬಿರಿಯುತ್ತದೆ. ಇದರ ಜೊತೆಗೆ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ಎರಡು ದಿಕ್ಕಿನಲ್ಲಿ ನೆಟ್ಟನೆಯ ಬಿರುಕುಗಳೂ ಇರುತ್ತವೆ. ಹೀಗೆ ಇಡೀ ಬಂಡೆ ದೊಡ್ಡ ದೊಡ್ಡ ಚೌಕಗಳಾಗಿ ಸೀಳಿರುತ್ತದೆ. ಆ ಬಿರುಕುಗಳಿಗೆ ನೀರು ಇಳಿದಾಗ ಚೌಕದ ಮುಖಕ್ಕೆ ಒಂದು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ ನೀರಿನ ಹೊಡೆತ ಬೀಳುತ್ತದೆ. ಮೂಲೆ ಮೊದಲು ಕರಗುತ್ತದೆ, ಅಂಚು ಆಮೇಲೆ, ಒಳಗಿನ ಗಟ್ಟಿಭಾಗ ಗುಂಡಾಗಿ ಉಳಿಯುತ್ತದೆ. ಸುತ್ತ ಕರಗಿದ ಭಾಗವೇ ನೀವು ಎರಡು ಅಡಿಗೆ ಸಿಗುತ್ತದೆ ಎಂದ ಗರಸು. ಮಳೆಗೆ ಆ ಗರಸು ಕೊಚ್ಚಿಹೋದಾಗ ಗುಂಡುಗಳು ನೆಲದ ಮೇಲೆ ಕಾಣಿಸಿಕೊಳ್ಳುತ್ತವೆ.

ಅಂದರೆ ಆ ಕಲ್ಲುಗುಂಡು ಬೇರೆಲ್ಲಿಂದಲೋ ಉರುಳಿ ಬಂದದ್ದಲ್ಲ, ತಾನು ಹುಟ್ಟಿದ ಜಾಗದಲ್ಲೇ ಕುಳಿತಿದೆ. ಹೆಚ್ಚಿನ ಗುಂಡುಗಳ ಬುಡ ಇನ್ನೂ ನೆಲದೊಳಗಿರುತ್ತದೆ, ಅಕ್ಕಪಕ್ಕದ ಗುಂಡುಗಳು ಒಂದು ಕಾಲದಲ್ಲಿ ಒಂದೇ ಬಂಡೆಯ ಭಾಗಗಳಾಗಿರುತ್ತವೆ, ಅವುಗಳ ನಡುವಿನ ಸಂದುಗಳು ಹಳೆಯ ಬಿರುಕುಗಳ ದಿಕ್ಕನ್ನೇ ಹಿಡಿದಿರುತ್ತವೆ. ನಮ್ಮ ಕಣ್ಣಿಗೆ ಈ ಶಾಸ್ತ್ರ ಗೊತ್ತಿಲ್ಲದಿದ್ದರೂ ಅದರ ಫಲ ಚಿಕ್ಕಂದಿನಿಂದ ಪರಿಚಯವಾಗಿರುತ್ತದೆ, ಆದ್ದರಿಂದಲೇ ಸುರಿದ ಕಲ್ಲು ಕಂಡ ಕೂಡಲೇ ಅದು ಸುರಿದದ್ದೆಂದು ತಿಳಿದುಬಿಡುತ್ತದೆ.

ಹಾಗಾಗಿ ತೋಟ ಮಾಡುವಾಗ ಹತ್ತಿಪ್ಪತ್ತು ಬಿಡಿ ಕಲ್ಲುಗಳನ್ನು ಜೋಡಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಹಿತ್ತಿಲಿನ ಅಡಿಯಲ್ಲಿ ಒಂದೇ ಒಂದು ದೊಡ್ಡ ಬಂಡೆ ಮಲಗಿದೆ, ಅದರ ನೆತ್ತಿ ಅಲ್ಲಲ್ಲಿ ಮಣ್ಣಿನಿಂದ ಹೊರಗೆ ಬಂದಿದೆ ಎಂದು ಭಾವಿಸಿಕೊಂಡು ಕೆಲಸ ಮಾಡಿ. ಏರಿನ ಕಡೆ ಬಂಡೆ ಹೆಚ್ಚು ತೆರೆದಿರಲಿ, ಇಳಿಜಾರಿನಲ್ಲಿ ಕಡಿಮೆಯಾಗುತ್ತಾ ಬರಲಿ. ಒಂದು ದಿಕ್ಕನ್ನು ನಿಶ್ಚಯಿಸಿ, ಕಲ್ಲುಗಳ ನಡುವಿನ ಮುಖ್ಯ ಸಂದುಗಳೆಲ್ಲ ಸುಮಾರಾಗಿ ಆ ದಿಕ್ಕಿಗೆ ಓಡುವಂತೆ ನೋಡಿಕೊಳ್ಳಿ. ಕೆಲವು ಸಂದುಗಳು ಮಾತ್ರ ಅದಕ್ಕೆ ಅಡ್ಡವಾಗಿರಲಿ. ಸಣ್ಣ ಕಲ್ಲು, ಚಕ್ಕೆಗಳನ್ನು ಎಲ್ಲೆಡೆ ಎರಚಬಾರದು, ಅವು ದೊಡ್ಡ ಗುಂಡಿನ ತಗ್ಗಿನ ಬದಿಯಲ್ಲಿ, ಬಿದ್ದು ನಿಂತಂತೆ ಇರಬೇಕು. ಹಾಸರೆಯಂತಹ ಚಪ್ಪಟೆ ಕಲ್ಲು ಸಿಕ್ಕರೆ ಅದು ನೆಲಮಟ್ಟಕ್ಕೆ, ಗುಂಡು ಅದರ ಮೇಲೆ ಅಥವಾ ಪಕ್ಕಕ್ಕೆ.

ಇನ್ನೊಂದು ಮಾತು. ಒಂದೇ ಜಾತಿಯ ಕಲ್ಲನ್ನು ಮಾತ್ರ ಬಳಸಿ. ನಿಮ್ಮ ಜಿಲ್ಲೆಯ ಪಶ್ಚಿಮಕ್ಕೆ, ಚಿಕ್ಕನಾಯಕನಹಳ್ಳಿಯ ಕಡೆ ಹೋದರೆ ಕಲ್ಲಿನ ಗುಣವೇ ಬೇರೆ, ಅಲ್ಲಿ ಪದರ ಪದರವಾದ ಶಿಲೆ ಮತ್ತು ಕಬ್ಬಿಣದ ಅದಿರಿನ ಕಲ್ಲುಗಳಿವೆ. ಅವು ಅಂದವಾಗಿವೆ ಎಂದು ಗ್ರಾನೈಟಿನ ನಡುವೆ ತಂದಿಟ್ಟರೆ ಇಡೀ ರಚನೆಯ ನಂಬಿಕೆ ಕೆಡುತ್ತದೆ. ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನ ಬಂಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ನೈಸ್ ಎಂಬ ಜಾತಿಯ ಆ ಶಿಲೆಯಲ್ಲಿ ಕಪ್ಪು-ಬಿಳಿ ಪಟ್ಟೆಗಳು ಬಹುಮಟ್ಟಿಗೆ ಒಂದೇ ಕಡೆಗೆ ಹರಿದಿವೆ. ನಿಮ್ಮ ಕಲ್ಲುಗಳಲ್ಲಿಯೂ ಅಂತಹ ಪಟ್ಟೆಗಳಿದ್ದರೆ ಎಲ್ಲ ಕಲ್ಲುಗಳ ಪಟ್ಟೆಯನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಕೂರಿಸಬೇಕು. ಪಟ್ಟೆ ಒಂದು ಕಲ್ಲಿನಲ್ಲಿ ಅಡ್ಡ, ಪಕ್ಕದ್ದರಲ್ಲಿ ಉದ್ದವಾದರೆ ಎಷ್ಟು ಆಳಕ್ಕೆ ಹೂತರೂ ಪ್ರಯೋಜನವಿಲ್ಲ.

ಉತ್ತರ: ಕೈತೋಟ, ಮೈಸೂರು

ಹಿರಿಯರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಮನೆತೋಟಗಳನ್ನು ರೂಪಿಸುವುದು ನನ್ನ ವೃತ್ತಿಯಾದ್ದರಿಂದ ಕೆಲಸದ ಕಡೆಯ ಸಂಗತಿಗಳನ್ನು ತಿಳಿಸುತ್ತೇನೆ.

ಮೊದಲು ತೂಕ. ಗ್ರಾನೈಟಿನ ಒಂದು ಘನ ಅಡಿ ಸುಮಾರು 75 ಕೆ.ಜಿ. ತೂಗುತ್ತದೆ. ಎರಡು ಅಡಿ ವ್ಯಾಸದ ಗುಂಡು 300 ಕೆ.ಜಿ.ಗೂ ಹೆಚ್ಚು, ಒಂದು ಮೀಟರ್ ವ್ಯಾಸದ್ದು ಸುಮಾರು 1.4 ಟನ್. ಎರಡು ಅಡಿಯವರೆಗಿನ ಕಲ್ಲನ್ನು ನಾಲ್ಕು ಜನ ನುರಿತವರು ಹಾರೆ, ಮರದ ದಿಮ್ಮಿ, ಹಲಗೆಗಳಿಂದ ಸರಿಸಿ ಕೂರಿಸಬಲ್ಲರು. ಅದಕ್ಕಿಂತ ದೊಡ್ಡದಾದರೆ ಜೆಸಿಬಿ ಅಥವಾ ಚೈನ್ ಪುಲ್ಲಿ ಬೇಕೇ ಬೇಕು, ಕೈಯಿಂದಲೇ ಸರಿಸುವ ಭಂಡತನ ಮಾಡಬಾರದು. ಆಳೆತ್ತರದ ಗುಂಡುಗಳನ್ನು ಹೊಲದಲ್ಲೇ ಬಿಡಿ. ನಿಮ್ಮ ಜಾಗಕ್ಕೆ ಮೂರು ಅಥವಾ ನಾಲ್ಕು ಅಡಿಯ ಒಂದು ಕಲ್ಲು, ಎರಡರಿಂದ ಮೂರು ಅಡಿಯ ನಾಲ್ಕೈದು ಕಲ್ಲು, ಉಳಿದಂತೆ ಸಣ್ಣವು ಸಾಕು. ಬಹಳ ಮಂದಿ ಮಾಡುವುದು ಇದರ ತಿರುವುಮುರುವು: ಸಾಗಿಸಲು ಸುಲಭವೆಂದು ಒಂದೇ ಗಾತ್ರದ ಸಣ್ಣ ಕಲ್ಲುಗಳನ್ನು ಹತ್ತಾರು ತರಿಸುತ್ತಾರೆ. ಅಂತಹ ಐವತ್ತು ಕಲ್ಲುಗಳಿಗಿಂತ ಸರಿಯಾಗಿ ಕೂತ ಒಂದು ದೊಡ್ಡ ಬಂಡೆ ಹಿತ್ತಿಲನ್ನು ಹೆಚ್ಚು ತುಂಬುತ್ತದೆ.

ಎರಡನೆಯದು ಮುಖ್ಯವಾದದ್ದು, ದಯವಿಟ್ಟು ಗಮನಿಸಿ. ಹೊಲದ ಕಲ್ಲನ್ನು ಎಬ್ಬಿಸಿದಾಗ ಅದರ ಮೈಮೇಲೆ ಒಂದು ಗೆರೆ ಕಾಣುತ್ತದೆ. ಗೆರೆಯ ಮೇಲಿನ ಭಾಗ ಬಿಸಿಲು-ಮಳೆಗೆ ಕಪ್ಪಾಗಿ, ಬೂದು ಮತ್ತು ಹಸಿರು-ಬಿಳಿಯ ಕಲ್ಲುಹೂವಿನ ಮಚ್ಚೆಗಳಿಂದ ಕೂಡಿರುತ್ತದೆ. ಕೆಳಗಿನ ಭಾಗ ಕೆಂಪು ಮಣ್ಣಿನ ಬಣ್ಣ ಹೀರಿಕೊಂಡು, ಒರಟಾಗಿ, ಹೊಸದಾಗಿರುತ್ತದೆ. ಆ ಗೆರೆಯೇ ಕಲ್ಲಿನ ನೆಲಮಟ್ಟ. ನಿಮ್ಮ ಹಿತ್ತಿಲಿನಲ್ಲೂ ಅದೇ ಗೆರೆಯವರೆಗೆ, ಅಥವಾ ಅದಕ್ಕಿಂತ ಎರಡು ಬೆರಳು ಹೆಚ್ಚಾಗಿಯೇ ಹೂಳಬೇಕು. ಎಷ್ಟು ಹೂಳಬೇಕು ಎಂಬ ಪ್ರಶ್ನೆಗೆ ಮೂರನೇ ಒಂದು ಭಾಗ ಎಂಬ ಉತ್ತರ ವಾಡಿಕೆಯಲ್ಲಿದೆ, ಆದರೆ ಕಲ್ಲೇ ತನ್ನ ಅಳತೆ ಹೇಳುತ್ತಿರುವಾಗ ವಾಡಿಕೆಯ ಲೆಕ್ಕ ಬೇಕಿಲ್ಲ. ಹೊಲದಲ್ಲಿ ಕಲ್ಲೆಬ್ಬಿಸುವ ಮುನ್ನವೇ ಪ್ರತಿಯೊಂದಕ್ಕೂ ಸೀಮೆಸುಣ್ಣದಿಂದ ಒಂದು ಸಂಖ್ಯೆ ಮತ್ತು ಉತ್ತರ ದಿಕ್ಕಿಗೆ ಒಂದು ಬಾಣ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪಾಚಿ ಬೆಳೆದ ತಂಪು ಮುಖ ಮತ್ತೆ ಅದೇ ದಿಕ್ಕಿಗೆ ಬಂದರೆ ಅದು ಬದುಕುತ್ತದೆ, ಬಿಸಿಲಿನ ಕಡೆಗೆ ತಿರುಗಿದರೆ ಒಣಗಿ ಉದುರಿಹೋಗುತ್ತದೆ.

ಕಲ್ಲುಹೂವು ಬೆಳೆಯುವುದು ಬಹಳ ನಿಧಾನ, ವರ್ಷಕ್ಕೆ ಕೆಲವೇ ಮಿಲಿಮೀಟರು, ಬಂಡೆಗೆ ಅಂಟಿ ಬೆಳೆಯುವ ಎಷ್ಟೋ ಬಗೆಗಳು ಅಷ್ಟೂ ಇಲ್ಲ. ಒಮ್ಮೆ ಉಜ್ಜಿಹೋದರೆ ನಿಮ್ಮ ಮಕ್ಕಳ ಕಾಲಕ್ಕೆ ಬಂದೀತು. ಆದ್ದರಿಂದ ಕಬ್ಬಿಣದ ಸರಪಳಿಯ ಬದಲು ನೈಲಾನ್ ಬೆಲ್ಟ್ ಹಾಕಿಸಿ ಎತ್ತಿಸಿ, ಟ್ರ್ಯಾಕ್ಟರ್ ಟ್ರೈಲರಿನ ತಳಕ್ಕೆ ಹಳೆಯ ಟೈರು ಮತ್ತು ಗೋಣಿಚೀಲ ಹಾಸಿಸಿ, ಮನೆ ಮುಟ್ಟಿದ ಮೇಲೆ ಟ್ರೈಲರ್ ಎತ್ತಿ ಸುರಿಸಬೇಡಿ. ಸರಪಳಿ ಉಜ್ಜಿದ ಬಿಳಿ ಗೀರು ವರ್ಷಗಟ್ಟಲೆ ಹೋಗುವುದಿಲ್ಲ. ಕಲ್ಲು ತೊಳೆಯಲು ಆಸಿಡ್, ತಂತಿಯ ಬ್ರಷ್ ಬಳಸುವವರಿದ್ದಾರೆ, ಅವರನ್ನು ತಡೆಯಿರಿ.

ಕೂರಿಸುವ ಕ್ರಮ ಹೀಗೆ. ಮೊದಲು ಅತಿ ದೊಡ್ಡ ಕಲ್ಲು, ಏರಿನ ಮೇಲ್ಭಾಗಕ್ಕಿಂತ ಸ್ವಲ್ಪ ಕೆಳಗೆ, ಜಾಗದ ನಟ್ಟನಡುವೆ ಬಾರದಂತೆ. ಗುಂಡಿಯ ತಳವನ್ನು ಏರಿನ ಕಡೆಗೆ ತುಸು ಓರೆ ಮಾಡಿ ಅಗೆಸಿ, ಇದರಿಂದ ಕಲ್ಲು ಹಿಂದಕ್ಕೆ ಒರಗಿ ಕೂರುತ್ತದೆ, ಬಿದ್ದ ಮಳೆನೀರು ಅದರ ಬೆನ್ನ ಹಿಂದಿನ ಮಣ್ಣಿಗೆ ಇಂಗುತ್ತದೆ. ತಳಕ್ಕೆ ಆರು ಇಂಚು ಗರಸು ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿ. ಕಲ್ಲು ಇಳಿಸಿದ ಮೇಲೆ ಸುತ್ತಲೂ ಗರಸು ಮತ್ತು ಚಕ್ಕೆಗಲ್ಲನ್ನು ಒಂದೊಂದು ಗೇಣಿನ ಪದರವಾಗಿ ತುಂಬಿ, ಹಾರೆಯ ಮೊಂಡು ತುದಿಯಿಂದ ಗಟ್ಟಿಯಾಗಿ ಜಡಿಯಬೇಕು. ಸಿಮೆಂಟು ಬೇಡ. ಕೊನೆಗೆ ಇಬ್ಬರು ದೊಡ್ಡವರು ಮೇಲೆ ಹತ್ತಿ ಅತ್ತಿತ್ತ ತೂಗಾಡಿದರೂ ಅದು ಕದಲಬಾರದು. ದೊಡ್ಡ ಕಲ್ಲು ನೆಲೆಗೊಂಡ ಮೇಲೆ ಅದನ್ನು ಮನೆಯ ಕಿಟಕಿಯಿಂದ, ಹಿತ್ತಿಲ ಬಾಗಿಲಿನಿಂದ ನೋಡಿಯೇ ಎರಡನೆಯದರ ಜಾಗ ಗೊತ್ತುಮಾಡಿ. ಗುಂಡಿ ಅಗೆಯುವ ಮುನ್ನ ಹುಲ್ಲು ತುಂಬಿದ ಗೋಣಿಚೀಲಗಳನ್ನು ಕಲ್ಲಿನ ಜಾಗದಲ್ಲಿ ಇಟ್ಟು ನೋಡುವುದು ನಮ್ಮಲ್ಲಿ ರೂಢಿ. ಚೀಲ ಸರಿಸುವುದಕ್ಕೆ ಖರ್ಚಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರಿಕೆ ಸೇರಿಸುತ್ತೇನೆ. ಹಂಪಿಯಲ್ಲಿ ಗುಂಡಿನ ಮೇಲೆ ಗುಂಡು ನಿಂತಿರುವುದನ್ನು ಎಲ್ಲರೂ ನೋಡಿರುತ್ತಾರೆ, ಹಾಗೆಯೇ ಮಾಡಿಕೊಡಿ ಎಂದು ಕೇಳುತ್ತಾರೆ. ನಿಸರ್ಗದಲ್ಲಿ ಅವು ಒಂದರ ಮೇಲೊಂದು ಇದ್ದ ಸ್ಥಿತಿಯಲ್ಲೇ ಸವೆದು ಕುಳಿತಿವೆ, ಆದ್ದರಿಂದ ತಳ ಮತ್ತು ತಲೆ ಒಂದಕ್ಕೊಂದು ಕೂಡಿಕೊಂಡಿವೆ. ನಾವು ತಂದಿಟ್ಟ ಎರಡು ಗುಂಡುಗಳು ಒಂದು ಚುಕ್ಕೆಯಲ್ಲಿ ಮಾತ್ರ ತಾಗುತ್ತವೆ. ಮಕ್ಕಳು ಓಡಾಡುವ ಹಿತ್ತಿಲಿನಲ್ಲಿ ಇದು ಖಂಡಿತ ಬೇಡ.

ಕೊನೆಯದಾಗಿ ಕಾನೂನು. ಕಟ್ಟಡ ಕಲ್ಲು ಉಪಖನಿಜದ ಲೆಕ್ಕಕ್ಕೆ ಬರುತ್ತದೆ, ಅದರ ಮೇಲೆ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994 ಅನ್ವಯಿಸುತ್ತವೆ. ಸ್ವಂತ ಹೊಲದ ಕಲ್ಲಾದರೂ ಟ್ರ್ಯಾಕ್ಟರಿಗೆ ಹೇರುವ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಕಾಗದ ಮಾಡಿಸಿಕೊಳ್ಳಿ. ಬೆಟ್ಟ, ಗೋಮಾಳ, ಹಳ್ಳದಿಂದ ಯಾರಾದರೂ ತಂದುಕೊಡುತ್ತೇವೆ ಎಂದರೆ ಒಪ್ಪಬೇಡಿ.

ಉತ್ತರ: ಪದವಿನಂಚು, ಪುತ್ತೂರು

ಇದನ್ನು ಓದುವ ಕರಾವಳಿಯವರಿಗಾಗಿ ನಾಲ್ಕು ಮಾತು ಸೇರಿಸಲು ಅನುಮತಿ ಬೇಡುತ್ತೇನೆ, ಏಕೆಂದರೆ ತುಮಕೂರಿಗೆ ಒಪ್ಪುವುದೆಲ್ಲ ನಮ್ಮ ಕಡೆಗೆ ಒಪ್ಪುವುದಿಲ್ಲ.

ನಮ್ಮಲ್ಲಿ ನೆಲದಡಿಯಿರುವುದು ಮುರಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲು ಗುಂಡಾಗಿ ಸವೆಯುವುದಿಲ್ಲ, ತೂತು ತೂತಾಗಿ, ಚಪ್ಪಟೆಯ ಹಾಸಾಗಿ ಉಳಿಯುತ್ತದೆ. ಹೀಗಿರುವಾಗ ಘಟ್ಟದ ಮೇಲಿನಿಂದ ಗ್ರಾನೈಟ್ ಗುಂಡುಗಳನ್ನು ಲಾರಿಯಲ್ಲಿ ತರಿಸಿ ತೆಂಗಿನ ಮರದ ಬುಡದಲ್ಲಿ ಇಡುವ ಈಗಿನ ಪದ್ಧತಿಯನ್ನು ಕಂಡಾಗ ನನಗೆ ಬೇಸರವಾಗುತ್ತದೆ. ನಮ್ಮ ಪದವುಗಳನ್ನು, ಅಂದರೆ ಮುರಕಲ್ಲಿನ ಎತ್ತರದ ಬಯಲುಗಳನ್ನು, ಮಳೆಗಾಲದಲ್ಲಿ ನೋಡಿದವರಿಗೆ ಮಾದರಿ ಬೇರೆ ಬೇಕಿಲ್ಲ. ಅಗಲವಾದ ಕಲ್ಲಿನ ಹಾಸು, ಅದರಲ್ಲಿ ಬೆರಳುದ್ದ ನೀರು ನಿಲ್ಲುವ ತಗ್ಗುಗಳು, ತಗ್ಗಿನ ಅಂಚಿನಲ್ಲಿ ಹುಲ್ಲು ಮತ್ತು ನೆಲಕ್ಕಂಟಿದ ಸಣ್ಣ ಹೂಗಳು. ಮನೆಯಂಗಳದಲ್ಲಿ ಇದನ್ನು ಮಾಡುವುದಾದರೆ ಇಟ್ಟಿಗೆಯಾಕಾರಕ್ಕೆ ಕಡಿದ ಕಲ್ಲನ್ನು ಬಿಟ್ಟು, ಕೋರೆಯ ಮೇಲ್ಪದರದಲ್ಲಿ ಬಿಸಾಡುವ ಒರಟು, ಕಪ್ಪಾದ ಮುರಕಲ್ಲಿನ ಹೆಂಟೆಗಳನ್ನು ಆರಿಸಿಕೊಳ್ಳಬೇಕು.

ಕೈತೋಟದವರು ಕಲ್ಲನ್ನು ಹಿಂದಕ್ಕೆ ಒರಗಿಸಿ ನೀರು ಬೆನ್ನಿಗೆ ಇಂಗುವಂತೆ ಮಾಡಲು ಹೇಳಿದ್ದಾರೆ. ವರ್ಷಕ್ಕೆ 600–700 ಮಿ.ಮೀ. ಮಳೆಯಾಗುವಲ್ಲಿ ಅದು ಒಳ್ಳೆಯದು. ಸುಮಾರು 4000 ಮಿ.ಮೀ. ಸುರಿಯುವ ನಮ್ಮಲ್ಲಿ ಅದೇ ರೀತಿ ಮಾಡಿದರೆ ಬೆನ್ನಿನ ಮಣ್ಣು ಜೂನ್ ಮುಗಿಯುವುದರೊಳಗೆ ಗಂಜಿಯಾಗಿ, ಕಲ್ಲೇ ಮುಂದಕ್ಕೆ ಜಾರುತ್ತದೆ. ಇಲ್ಲಿ ಕಲ್ಲಿನ ಹಿಂದೆ ಜಲ್ಲಿ ತುಂಬಿ, ನೀರು ಬದಿಗೆ ಹರಿದುಹೋಗಲು ಕಣಿ ಬಿಡಲೇಬೇಕು. ಪಾಚಿ ಬರಲೆಂದು ಮಜ್ಜಿಗೆ, ಸಗಣಿನೀರು ಬಳಿಯುವ ಅಗತ್ಯ ನಮ್ಮಲ್ಲಂತೂ ಇಲ್ಲ. ನೆರಳು, ತೇವ ಇದ್ದಲ್ಲಿ ಅದು ತಾನಾಗಿ ಬರುತ್ತದೆ.

ಮರುಪ್ರಶ್ನೆ: ಹಿತ್ತಿಲಮನೆ, ತುಮಕೂರು

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಮಾವನವರ ಹೊಲಕ್ಕೆ ಹೋಗಿ ಕಲ್ಲುಗಳಿಗೆ ಸಂಖ್ಯೆ ಬರೆದು ಬಂದೆವು. ನೀವು ಹೇಳಿದ ಗೆರೆ ಪ್ರತಿಯೊಂದು ಕಲ್ಲಿನಲ್ಲೂ ಸ್ಪಷ್ಟವಾಗಿದೆ. ಒಂದು ಗುಂಡು ಸರಿಯಾಗಿ ನಡುವೆ ಸೀಳಿ ಎರಡು ಹೋಳಾಗಿದೆ, ಅದನ್ನು ಬಳಸಬಹುದೇ?

ಇನ್ನೊಂದು ಆತಂಕ ನಮ್ಮ ಅತ್ತೆಯವರದು. ಕಲ್ಲಿನ ಸಂದಿಯಲ್ಲಿ ಹಾವು, ಚೇಳು ಸೇರಿಕೊಳ್ಳುತ್ತವೆ, ಮೊಮ್ಮಕ್ಕಳು ಆಡುವ ಜಾಗದಲ್ಲಿ ಇದೆಲ್ಲ ಏಕೆ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ. ಗಿಡಗಳ ಬಗ್ಗೆ, ನೀರಿನ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕುರುಚಲುಕಾಡು, ಚಿತ್ರದುರ್ಗ

ನಿಮ್ಮ ಅತ್ತೆಯವರ ಆತಂಕ ಸಕಾರಣವಾದದ್ದು, ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹಾವಿಗೆ ಬೇಕಾದದ್ದು ಒಣಗಿದ, ಆಳವಾದ ಪೊಟರೆ ಮತ್ತು ಅದರ ಬಳಿ ಇಲಿ. ಸುರಿದ ಕಲ್ಲುರಾಶಿಯಲ್ಲಿ ಅಂತಹ ಪೊಟರೆಗಳು ನೂರಾರು ಇರುತ್ತವೆ. ಇಲ್ಲಿ ಹೇಳಿರುವಂತೆ ಬುಡ ಹೂತು, ಸುತ್ತ ಗರಸು ಜಡಿದು ಕೂರಿಸಿದ ಬಂಡೆಯ ಅಡಿಯಲ್ಲಿ ಟೊಳ್ಳು ಉಳಿಯುವುದೇ ಇಲ್ಲ. ಕಲ್ಲುಗಳ ನಡುವಿನ ಸಂದುಗಳನ್ನೂ ಮಣ್ಣಿನಿಂದ ತುಂಬಿ ಗಿಡ ನೆಟ್ಟುಬಿಡಿ. ಬಾಗಿಲು ಮತ್ತು ಮಕ್ಕಳು ಆಡುವ ಜಾಗದಿಂದ ಮೊದಲ ಕಲ್ಲು ಹತ್ತು ಅಡಿಯಾದರೂ ದೂರವಿರಲಿ. ಸೌದೆ, ಹಳೆಯ ಹಂಚು, ತೆಂಗಿನ ಗರಿಗಳ ರಾಶಿ ಹಿತ್ತಿಲಿನಲ್ಲಿ ಬೇಡ. ಕೋಳಿ ಅಥವಾ ಪಕ್ಷಿಗಳಿಗೆ ಹಾಕುವ ಕಾಳು ರಾತ್ರಿ ನೆಲದ ಮೇಲೆ ಉಳಿಯಬಾರದು, ಇಲಿ ಬರುವುದು ಅದಕ್ಕೇ. ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗುವವರು ಟಾರ್ಚ್ ಹಿಡಿದೇ ಹೋಗಲಿ.

ಈಗ ಗಿಡಗಳು. ಬಂಡೆಯ ಪಕ್ಕದ ಮಣ್ಣು ಬೇಸಿಗೆಯ ಮಧ್ಯಾಹ್ನ ಸುಡುತ್ತದೆ, ಮಳೆ ಬಂದಾಗ ಬಂಡೆಯ ಮೇಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಈ ಎರಡನ್ನೂ ತಡೆದುಕೊಳ್ಳುವ ಗಿಡಗಳು ನಮ್ಮ ಕುರುಚಲು ಬೆಟ್ಟಗಳಲ್ಲೇ ಇವೆ. ಪಶ್ಚಿಮದ ಬಿಸಿಲು ಬೀಳುವ ಬದಿಗೆ ಹಳದಿ ಹೂವಿನ ತಂಗಡಿ ಮತ್ತು ಬಂದರೆ ಗಿಡ, ಬಂಡೆಯ ಮೈಮೇಲೆ ಹರಿಯಲು ಮಂಗರಬಳ್ಳಿ, ಸಂದಿಗೆ ಲೋಳೆಸರ, ಬಯಲಿನ ಕಡೆಗೆ ಪೊರಕೆ ಮಾಡುವ ಹಂಚಿಕಡ್ಡಿ ಹುಲ್ಲು. ನೆರಳಿನ ಬದಿಯಲ್ಲಿ ಸೊಗದೆ ಬಳ್ಳಿ. ತುಂಬೆಯನ್ನು ನೀವು ನೆಡಬೇಕಾಗಿಲ್ಲ, ಮೊದಲ ಮಳೆಗೆ ತಾನೇ ಹುಟ್ಟುತ್ತದೆ, ಕೀಳದಿದ್ದರೆ ಸಾಕು. ಚದುರಕಳ್ಳಿ ಬಂಡೆಯ ಜೊತೆ ಬಹಳ ಚೆನ್ನಾಗಿ ಒಪ್ಪುತ್ತದೆ, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳಿರುವ ಮನೆಯಲ್ಲಿ ಬಿಟ್ಟುಬಿಡಿ. ಕಲ್ಲರಳಿಯನ್ನು ಯಾರಾದರೂ ಸೂಚಿಸಬಹುದು. ಬೆಟ್ಟದ ಬಂಡೆಯ ಮೇಲೆ ಅದರಷ್ಟು ಸುಂದರವಾದ ಮರ ಇನ್ನೊಂದಿಲ್ಲ, ಆದರೆ ಅದರ ಬೇರು ನಿಮ್ಮ ಕಾಂಪೌಂಡನ್ನೂ ಸಂಪನ್ನೂ ಸೀಳುತ್ತದೆ.

ನೆಡುವ ಬಗೆಯಲ್ಲೂ ಒಂದು ಮಾತಿದೆ. ಪ್ರತಿ ಕಲ್ಲಿನ ಸುತ್ತ ಮಾಲೆಯಂತೆ ಗಿಡ ನೆಟ್ಟರೆ ಇದುವರೆಗೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೆಟ್ಟದಲ್ಲಿ ಗಿಡ ಇರುವುದು ಮಣ್ಣು ಕೂಡಿದ ಕಡೆ ಮಾತ್ರ, ಅಂದರೆ ಬಂಡೆಯ ಏರುಬದಿಯ ಬುಡದಲ್ಲಿ ಮತ್ತು ಬಿರುಕುಗಳಲ್ಲಿ. ಒಂದು ಬದಿಯಲ್ಲಿ ಒತ್ತಾಗಿ ಇರಲಿ, ಇನ್ನೊಂದು ಬದಿಯಲ್ಲಿ ಬಂಡೆ ಬರಿದಾಗಿಯೇ ನೆಲಕ್ಕೆ ಇಳಿಯಲಿ. ಸಂದಿಗೆ ತುಂಬುವ ಮಣ್ಣಿನಲ್ಲಿ ಕೆಂಪು ಮಣ್ಣಿಗೆ ಸಮನಾಗಿ ಗರಸು ಬೆರೆಸಿ, ಗೊಬ್ಬರ ಸ್ವಲ್ಪವೇ ಸಾಕು. ಗೊಬ್ಬರ ಹೆಚ್ಚಾದರೆ ಈ ಗಿಡಗಳು ಸೊಕ್ಕಿ ಬೆಳೆದು ಬಂಡೆಯನ್ನೇ ಮುಚ್ಚುತ್ತವೆ. ಗಿಡಗಳನ್ನು ನರ್ಸರಿಯಿಂದ, ಇಲ್ಲವೇ ಮಾವನವರ ಹೊಲದ ಬದುವಿನಿಂದ ಬೀಜ, ಕಡ್ಡಿ ತಂದು ಬೆಳೆಸಿ. ಕಾಯ್ದಿಟ್ಟ ಅರಣ್ಯದಿಂದ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.

ನೀರಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ನಮ್ಮ ಬಯಲುಸೀಮೆಯ ಬೆಟ್ಟಗಳಲ್ಲಿ ವರ್ಷವಿಡೀ ಧುಮುಕುವ ಜಲಪಾತವಿಲ್ಲ, ದೊಣೆಗಳಿವೆ. ಹಾಸುಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು, ಆಕಾಶದ ಬೆಳಕು ಹಿಡಿದು, ಹಕ್ಕಿಗಳಿಗೆ ಆಸರೆಯಾಗುವ ದೊಣೆಯೇ ನಮ್ಮ ನೆಲಕ್ಕೆ ಸರಿಯಾದ ನೀರಿನ ಅಲಂಕಾರ. ಮೇಲ್ಮೈಯಲ್ಲಿ ಸಹಜವಾದ ತಗ್ಗು ಇರುವ ಚಪ್ಪಟೆ ಕಲ್ಲನ್ನು ಹುಡುಕಿ, ಅದನ್ನು ಮಟ್ಟವಾಗಿ ಕೂರಿಸಿ. ತಗ್ಗು ಇಲ್ಲದಿದ್ದರೆ ಕಲ್ಲುಕುಟಿಗರಿಂದ ಮೂರು ಇಂಚು ಆಳಕ್ಕೆ, ಅಂಚು ಗೊತ್ತಾಗದಂತೆ ತೆಳುವಾಗಿ ಕಡಿಸಬಹುದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ಹಂತಕ್ಕೆ ಬೆಳೆಯಲು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ, ತಳವನ್ನು ತೆಂಗಿನ ನಾರಿನಿಂದ ಉಜ್ಜಿ, ಒಣಗಿಸಿ, ಮತ್ತೆ ತುಂಬಿಸಬೇಕು. ಇದನ್ನು ಮಾಡಲಾಗದವರು ದೊಣೆಯನ್ನು ಸಣ್ಣ ನೊರಜುಗಲ್ಲುಗಳಿಂದ ತುಂಬಿಬಿಡುವುದು ಲೇಸು.

ಉತ್ತರ: ಶಿಲಾಸಕ್ತ, ಬೆಂಗಳೂರು

ಸೀಳಿದ ಗುಂಡನ್ನು ದಯವಿಟ್ಟು ಬಿಡಬೇಡಿ, ನಿಮಗೆ ಸಿಕ್ಕಿರುವ ಕಲ್ಲುಗಳಲ್ಲಿ ಅದೇ ಶ್ರೇಷ್ಠವಾದದ್ದು. ಎರಡು ಹೋಳುಗಳ ಸೀಳುಮುಖಗಳನ್ನು ಎದುರುಬದುರಾಗಿ ಇಟ್ಟು, ನಡುವೆ ಒಂದು ಗೇಣು ಅಂತರ ಬಿಟ್ಟು, ಎರಡೂ ಅಂಚುಗಳು ಮೇಲಿನಿಂದ ಕೆಳಗಿನವರೆಗೆ ಸಮಾನಾಂತರವಾಗಿ ಬರುವಂತೆ ಕೂರಿಸಿ. ತಗ್ಗಿನ ಕಡೆಯ ಹೋಳು ಮೂರು ನಾಲ್ಕು ಇಂಚು ಕೆಳಗೆ ಕುಸಿದಂತಿರಲಿ. ನೋಡಿದವರಿಗೆ ಅದು ಅಲ್ಲಿಯೇ ಒಡೆದದ್ದೆಂದು ಅನುಮಾನವಿಲ್ಲದೆ ಅನಿಸುತ್ತದೆ, ಮತ್ತು ಉಳಿದ ಕಲ್ಲುಗಳ ಸಂದುಗಳಿಗೆಲ್ಲ ಆ ಸೀಳೇ ದಿಕ್ಕು ತೋರಿಸುತ್ತದೆ. ಹೋಳುಗಳ ಒಳಮುಖದಲ್ಲಿ ಈರುಳ್ಳಿಯ ಪದರದಂತೆ ಹೊರಗಿನಿಂದ ಬಿಡುತ್ತಾ ಬಂದಿರುವ ಚಕ್ಕೆಗಳು ಕಂಡರೆ ಅವನ್ನು ಕಿತ್ತುಹಾಕಬೇಡಿ, ಹಾಗೆಯೇ ಇರಲಿ.

ಪ್ರಶ್ನೆ: ತಾರಸಿತೋಟ, ಬೆಂಗಳೂರು

ಇದೇ ಚರ್ಚೆಯಲ್ಲಿ ಒಂದು ಸಣ್ಣ ಪ್ರಶ್ನೆ. ನಮಗೆ ಹಿತ್ತಿಲಿಲ್ಲ, ತಾರಸಿ ಮಾತ್ರ ಇದೆ. ಅಲ್ಲಿ ಎರಡು ಮೂರು ಕಲ್ಲುಗಳನ್ನಾದರೂ ಹೀಗೆ ಕೂರಿಸಬಹುದೇ?

ಉತ್ತರ: ಕೈತೋಟ, ಮೈಸೂರು

ದೊಡ್ಡ ಕಲ್ಲು ಖಂಡಿತ ಬೇಡ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆಯನ್ನು ಲೆಕ್ಕ ಹಿಡಿದು ವಿನ್ಯಾಸ ಮಾಡುತ್ತಾರೆ. ಎರಡು ಅಡಿಯ ಒಂದು ಗುಂಡೇ 300 ಕೆ.ಜಿ. ದಾಟುತ್ತದೆ, ಮೇಲೆ ಒದ್ದೆ ಮಣ್ಣಿನ ತೂಕ ಬೇರೆ. ಕೋಳಿಬಲೆ ಮತ್ತು ಸಿಮೆಂಟಿನ ಟೊಳ್ಳು ಬಂಡೆ ಸಲ್ಲುವುದು ಇಂತಹ ಕಡೆಯೇ. ಇಂಗ್ಲೆಂಡಿನಲ್ಲಿ 19ನೆಯ ಶತಮಾನದಲ್ಲಿ ಪುಲ್‌ಹ್ಯಾಮ್ ಎಂಬ ಮನೆತನದವರು ಕೃತಕ ಬಂಡೆಗಳನ್ನು ಮಾಡುತ್ತಿದ್ದರು, ನಿಜವಾದ ಶಿಲೆಯ ಪದರ ಮತ್ತು ಬಿರುಕುಗಳನ್ನು ಅನುಸರಿಸುತ್ತಿದ್ದುದರಿಂದ ಅವು ನೈಜವೆಂದೇ ತೋರುತ್ತಿದ್ದವು. ಮಾಡಿಸುವುದಾದರೆ ಕೆಲಸದವರಿಗೆ ನಿಜವಾದ ಬಂಡೆಯೊಂದರ ಚಿತ್ರಗಳನ್ನು ನಾಲ್ಕೂ ಕಡೆಯಿಂದ ತೆಗೆದು ಕೊಡಿ, ಎಣ್ಣೆಬಣ್ಣ ಬಳಿಸಬೇಡಿ, ಮತ್ತು ಮೊದಲು ಸ್ಟ್ರಕ್ಚರಲ್ ಎಂಜಿನಿಯರರಿಂದ ಲಿಖಿತ ಅಭಿಪ್ರಾಯ ಪಡೆಯಿರಿ.

ಪ್ರತಿಕ್ರಿಯೆ: ಹಿತ್ತಿಲಮನೆ, ತುಮಕೂರು

ಸೀಳಿದ ಗುಂಡನ್ನೇ ಮುಖ್ಯ ಬಂಡೆಯಾಗಿ ಇಟ್ಟುಕೊಳ್ಳುವುದೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದ್ದೇವೆ, ಅತ್ತೆಯವರೂ ಒಪ್ಪಿದ್ದಾರೆ. ಜೆಸಿಬಿ ಬರಲು ಮನೆಯ ಬಲಬದಿಯ ಓಣಿಯೊಂದೇ ದಾರಿ, ಅದರ ಮಧ್ಯದಲ್ಲಿ 8000 ಲೀಟರಿನ ಸಂಪು ಇದೆ. ಇದರ ಮೇಲೆ ಯಂತ್ರ ಹಾಯಿಸಬಹುದೇ? ಕಾಂಪೌಂಡಿಗೆ ಎಷ್ಟು ಹತ್ತಿರದವರೆಗೆ ಕಲ್ಲು ಇಡಬಹುದು?

ಉತ್ತರ: ಕೈತೋಟ, ಮೈಸೂರು

ಸಂಪಿನ ಮುಚ್ಚಳದ ಮೇಲೆ ಯಂತ್ರ ಹಾಯಿಸಲೇಬಾರದು. ಸಾಮಾನ್ಯ ಜೆಸಿಬಿಯ ತೂಕವೇ ಏಳೆಂಟು ಟನ್ ಇರುತ್ತದೆ, ಕಲ್ಲು ಎತ್ತಿದಾಗ ಅದರ ಬಹುಪಾಲು ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಮನೆಯ ಸಂಪುಗಳ ಚಪ್ಪಡಿಯನ್ನು ಅದಕ್ಕೆಂದು ಕಟ್ಟಿರುವುದಿಲ್ಲ. ಹಲಗೆ, ಕಬ್ಬಿಣದ ತಗಡು ಹಾಸಿದರೆ ಆಗುತ್ತದೆ ಎಂದು ಚಾಲಕರು ಹೇಳುತ್ತಾರೆ, ಕೇಳಬೇಡಿ. ಹಿಂದಿನ ಕಾಂಪೌಂಡಿನ ಆಚೆ ರಸ್ತೆ ಅಥವಾ ಖಾಲಿ ನಿವೇಶನವಿದ್ದರೆ, ಅದರ ಮಾಲೀಕರ ಒಪ್ಪಿಗೆ ಪಡೆದು, ಅಲ್ಲಿ ಕ್ರೇನ್ ನಿಲ್ಲಿಸಿ ಗೋಡೆಯ ಮೇಲಿನಿಂದ ಕಲ್ಲು ಇಳಿಸುವುದು ಸುರಕ್ಷಿತ. ಕ್ರೇನಿನ ಬಾಡಿಗೆ ಹೆಚ್ಚು, ಆದರೆ ಕಲ್ಲನ್ನು ಗಾಳಿಯಲ್ಲಿ ಹಿಡಿದು ಬೇಕಾದಂತೆ ತಿರುಗಿಸಿ ಇಳಿಸಲು ಅದೇ ಅನುಕೂಲ, ನಿಮ್ಮ ಸೀಳುಗುಂಡಿನ ಅಂಚುಗಳನ್ನು ಹೊಂದಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಕಾಂಪೌಂಡಿನಿಂದ ಮೂರು ಅಡಿ ಬಿಡಿ, ಆ ಮೂರು ಅಡಿಯ ಮಣ್ಣನ್ನು ಈಗಿರುವ ಮಟ್ಟಕ್ಕಿಂತ ಏರಿಸಬೇಡಿ. ಏರಿಸಿದರೆ ಗೋಡೆಯ ಮೇಲೆ ಒತ್ತಡ ಬೀಳುತ್ತದೆ, ತೇವವೂ ಏರುತ್ತದೆ. ಮುಂಗಾರು ಆರಂಭವಾಗುವ ಮೊದಲೇ ಕಲ್ಲುಗಳೆಲ್ಲ ಕೂತಿರಲಿ, ಗಿಡಗಳನ್ನು ಮಾತ್ರ ಎರಡು ಮೂರು ಹದವಾದ ಮಳೆ ಬಿದ್ದು ಮಣ್ಣು ಕುಸಿದು ನೆಲೆಗೊಂಡ ಮೇಲೆ ನೆಡಿ. ಕುಸಿದ ಕಡೆಗೆಲ್ಲ ಮತ್ತೆ ತುಂಬಲು ಒಂದು ಟ್ರ್ಯಾಕ್ಟರ್ ಗರಸನ್ನು ಈಗಲೇ ಬದಿಗೆ ಹಾಕಿಸಿಟ್ಟುಕೊಳ್ಳಿ.